ಹರಿಯದ ಬೆಲ್ಟನ್ನು ಏಕೆ ಬದಲಿಸಬೇಕು?

ಹದಿನೈದು ಇಪ್ಪತ್ತು ವರ್ಷ ದುಡಿದ ಪಿಕಪ್ ವಾಹನಗಳು ನಮ್ಮ ರಸ್ತೆಗಳಲ್ಲಿ ಇಂದಿಗೂ ಹೇರಳವಾಗಿ ಓಡಾಡುತ್ತಿವೆ. ಟೊಮೇಟೊ ಪೆಟ್ಟಿಗೆ, ಬಾಳೆಗೊನೆ, ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಮದುವೆಯ ಮನೆಯ ಪಾತ್ರೆಪಡಗ, ಇವುಗಳಲ್ಲಿ ಅವು ಹೊರದ ಹೊರೆಯೇ ಇಲ್ಲ. ಇವುಗಳ ಒಡೆಯರು ಎಂಜಿನ್ನಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುತ್ತಾರೆ; ಟೈರು ನುಣುಪಾದರೆ ಚಿಂತಿಸುತ್ತಾರೆ; ಆಯುಧಪೂಜೆಯ ದಿನ ತೊಳೆದು ಕುಂಬಳಕಾಯಿ ಒಡೆಯುತ್ತಾರೆ. ಆದರೆ ಬಾನೆಟ್ಟನ್ನು ಎತ್ತಿದೊಡನೆ ಕಣ್ಣೆದುರಿಗೇ ಕಾಣುವ, ಬೆರಳಗಲದ ಕಪ್ಪು ರಬ್ಬರಿನ ಬೆಲ್ಟನ್ನು ಮಾತ್ರ ಅದು ಹರಿಯುವ ತನಕ ಯಾರೂ ಮುಟ್ಟುವುದಿಲ್ಲ. “ಹರಿದಾಗ ಹಾಕಿಸಿದರಾಯಿತು” ಎಂಬುದು ನಮ್ಮಲ್ಲಿ ಆಳವಾಗಿ ಬೇರೂರಿರುವ ಮತ. ಈ ಮತವು ತಪ್ಪೆಂದೂ, ಹಳೆಯ ಡೀಸೆಲ್ ಪಿಕಪ್ಪುಗಳ ಮಟ್ಟಿಗೆ ಅಪಾಯಕರವೆಂದೂ ಇಲ್ಲಿ ವಾದಿಸಬೇಕೆಂದಿದ್ದೇನೆ. ಬಹುಕಾಲ ನಾನೂ ಅದೇ ಮತದವನಾಗಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ನನ್ನ ಮತ ಬದಲಾದದ್ದು 2016ರಲ್ಲಿ, ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ. ಬಾಳೆಗೊನೆಗಳನ್ನು ಹೇರಿಕೊಂಡು ಮುಂಜಾನೆ ಕೊಟ್ಟಿಗೆಹಾರದಿಂದ ಇಳಿಯಲಾರಂಭಿಸಿದ್ದೆವು. ಮೂರು ನಾಲ್ಕು ತಿರುವು ಕಳೆದಿರಬೇಕು. ಬಾನೆಟ್ಟಿನ ಒಳಗೆ ಏನೋ ‘ಚಟ್’ ಎಂದಿತು. ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಹೊತ್ತಿಕೊಂಡಿತು. ಎಂಜಿನ್ನು ಮಾತ್ರ ಏನೂ ಆಗದಂತೆ ಓಡುತ್ತಲೇ ಇತ್ತು. ಬ್ಯಾಟರಿಯ ವಿಚಾರವಷ್ಟೆ, ಉಜಿರೆಯಲ್ಲಿ ತೋರಿಸಿದರಾಯಿತು ಎಂದುಕೊಂಡು ಮುಂದುವರಿದೆ. ಮುಂದಿನ ತಿರುವಿನಲ್ಲಿ ಬ್ರೇಕು ಎಂದಿನಂತೆ ಹಿಡಿಯಿತು. ಅದರ ಮುಂದಿನದರಲ್ಲಿ ಸ್ವಲ್ಪ ಗಟ್ಟಿಯಾದಂತೆ ತೋರಿತು. ಮೂರನೆಯದರಲ್ಲಿ ಪೆಡಲು ಕಲ್ಲಾಗಿ ಹೋಗಿತ್ತು. ಗೇರನ್ನು ಒಂದಕ್ಕಿಳಿಸಿ, ಸೀಟಿನಿಂದ ಎದ್ದವನಂತೆ ದೇಹದ ಭಾರವನ್ನೆಲ್ಲ ಬಲಗಾಲಿನ ಮೇಲೆ ಹಾಕಿ, ಗುಡ್ಡದ ಬದಿಯ ಚರಂಡಿಗೆ ಚಕ್ರವನ್ನು ಒರಗಿಸಿ ನಿಲ್ಲಿಸಿದ್ದಾಯಿತು. ಜೊತೆಯಲ್ಲಿದ್ದ ಹುಡುಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ, ಬಾನೆಟ್ಟನ್ನು ಎತ್ತಿ ನೋಡಿ, “ಬೆಲ್ಟೇ ಇಲ್ವಲ್ಲ ಅಣ್ಣಾ!” ಎಂದ.

ಆ ಬೆಲ್ಟನ್ನು ನಾನು ಅದೇ ವಾರ ಪರೀಕ್ಷಿಸಿದ್ದೆ. ಟಾರ್ಚಿನ ಬೆಳಕಿನಲ್ಲಿ ಹಿಂದುಮುಂದು ಹೊರಳಿಸಿ ನೋಡಿದ್ದೆ. ಒಂದು ಬಿರುಕೂ ಇರಲಿಲ್ಲ. ಬಿರುಕಿಲ್ಲದ ಬೆಲ್ಟು ಗಟ್ಟಿಯಾದ ಬೆಲ್ಟು ಎಂಬುದು ನಾನು ಎಲ್ಲಿಯೋ ಕೇಳಿ ನಂಬಿಕೊಂಡಿದ್ದ ಸೂತ್ರ. ಈ ಸೂತ್ರವು ಏಕೆ ಸುಳ್ಳಾಯಿತು, ಬೆಲ್ಟಿಗೂ ಬ್ರೇಕಿಗೂ ಏನು ನಂಟು ಎಂಬುದನ್ನು ತಿಳಿಯಬೇಕಾದರೆ ಬೆಲ್ಟಿನ ಕೆಲಸವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಬೆಲ್ಟೆಂಬುದು ನಮ್ಮವರಿಗೆ ಹೊಸ ವಸ್ತುವಲ್ಲ. ನೂಲುವ ರಾಟೆಯಲ್ಲಿ ದೊಡ್ಡ ಚಕ್ರದ ಸುತ್ತುವಿಕೆಯನ್ನು ಕದಿರಿಗೆ ಒಯ್ಯುವ ದಾರವೂ ಒಂದು ಬೆಲ್ಟೇ. ಹಿಟ್ಟಿನ ಗಿರಣಿಯಲ್ಲಿ ಪಟಪಟನೆ ಬಡಿದುಕೊಳ್ಳುತ್ತ ಓಡುವ ಅಗಲವಾದ ಚಪ್ಪಟೆ ಪಟ್ಟಿಯನ್ನು ಕಾಣದವರು ಕಡಮೆ. ವಾಹನದ ಎಂಜಿನ್ನಿನಲ್ಲಿ ಅಷ್ಟು ಅಗಲವಾದ ಪಟ್ಟಿಗೆ ಸ್ಥಳವಿಲ್ಲ. ಅಮೆರಿಕದ ಡೆನ್ವರ್ ನಗರದ ಜಾನ್ ಗೇಟ್ಸ್ ಎಂಬಾತನು 1917ರಲ್ಲಿ ರಬ್ಬರು ಮತ್ತು ದಾರಗಳಿಂದ ಬೆಣೆಯ ಆಕಾರದ ಬೆಲ್ಟನ್ನು ರೂಪಿಸಿದ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿರುವ ಈ ಬೆಲ್ಟು, ಪುಲ್ಲಿಯ ಅಂಚಿನಲ್ಲಿ ಸುತ್ತಲೂ ಕೊರೆದಿರುವ ಅದೇ ಆಕಾರದ ತೋಡಿನಲ್ಲಿ ಕುಳಿತು ಓಡುತ್ತದೆ. ನಮ್ಮ ಹಳೆಯ ಪಿಕಪ್ಪುಗಳಲ್ಲಿ ಹೆಚ್ಚಾಗಿ ಇರುವುದು ಇದೇ.

ಬೆಣೆಯ ಆಕಾರದಿಂದಾಗುವ ಲಾಭ ಸಾಮಾನ್ಯವಾದುದಲ್ಲ. ಬೆಲ್ಟು ಜಾರದೆ ಎಷ್ಟು ಎಳೆಯಬಲ್ಲದೆಂಬುದನ್ನು ಲೆಕ್ಕ ಹಾಕಲು ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನ ಹೆಸರಿನಲ್ಲಿ ಒಂದು ಸಮೀಕರಣವಿದೆ. ಘರ್ಷಣಾಂಕವು 0.3 ಇರುವ ಚಪ್ಪಟೆ ಬೆಲ್ಟೊಂದು ಪುಲ್ಲಿಯ ಅರ್ಧ ಸುತ್ತನ್ನು ಬಳಸಿದೆಯೆಂದು ಇಟ್ಟುಕೊಳ್ಳೋಣ. ಎಳೆಯುವ ಬದಿಯ ಬಿಗಿಯು ಸಡಿಲ ಬದಿಯ ಬಿಗಿಯ ಸುಮಾರು 2.6 ಪಟ್ಟಾಗುವವರೆಗೆ ಅದು ತಾಳಿಕೊಳ್ಳುತ್ತದೆ. ಅದಕ್ಕಿಂತ ಮೀರಿದರೆ ಜಾರುತ್ತದೆ. ಅದೇ ರಬ್ಬರನ್ನು 40 ಡಿಗ್ರಿ ಕೋನದ ಬೆಣೆಯಾಗಿ ಮಾಡಿದರೆ, ತೋಡಿನ ಎರಡು ಗೋಡೆಗಳ ನಡುವೆ ಅದು ಅಮುಕಿಕೊಳ್ಳುವುದರಿಂದ, 0.3 ಇದ್ದ ಘರ್ಷಣಾಂಕವು 0.88 ಇದ್ದಂತೆ ವರ್ತಿಸುತ್ತದೆ. ಆಗ ಮೇಲಿನ 2.6 ಎಂಬ ಸಂಖ್ಯೆ 15ನ್ನು ದಾಟುತ್ತದೆ! ಬೆರಳಗಲದ ಬೆಲ್ಟು ಗಿರಣಿಯ ಅಗಲ ಪಟ್ಟಿಯ ಕೆಲಸವನ್ನು ಮಾಡುವ ಗುಟ್ಟು ಇದು.

ಈ ಲಾಭವೆಲ್ಲವೂ ಬರುವುದು ಬೆಲ್ಟಿನ ಎರಡು ಪಕ್ಕೆಗಳಿಂದ. ತಳದಿಂದಲ್ಲ ಎಂಬುದನ್ನು ವಾಚಕರು ಮುಖ್ಯವಾಗಿ ಗಮನಿಸಬೇಕು. ಹೊಸ ಬೆಲ್ಟಿನ ತಳವು ತೋಡಿನ ತಳವನ್ನು ಮುಟ್ಟುವುದೇ ಇಲ್ಲ. ಪಕ್ಕೆಗಳು ಸವೆದಂತೆ ಬೆಲ್ಟು ತೋಡಿನೊಳಕ್ಕೆ ಇಳಿಯುತ್ತ ಹೋಗುತ್ತದೆ. ಕೊನೆಗೊಂದು ದಿನ ಅದರ ತಳ ತೋಡಿನ ತಳವನ್ನು ಮುಟ್ಟಿತೆಂದರೆ ಬೆಣೆಯ ಹಿಡಿತ ಮುಗಿಯಿತು. ಆಗ ಅದು ಬೆಣೆಯಲ್ಲ, ಕಿರಿದಾದ ಒಂದು ಚಪ್ಪಟೆ ಪಟ್ಟಿ. 15 ಇದ್ದುದು 2.6ರ ಕಡೆಗೆ ಕುಸಿಯುತ್ತದೆ. ಬೆಲ್ಟು ಜಾರುತ್ತದೆ, ಕಾಯುತ್ತದೆ, ಪಕ್ಕೆಗಳು ಗಾಜಿನಂತೆ ಹೊಳೆಯುತ್ತವೆ, ಮತ್ತಷ್ಟು ಜಾರುತ್ತದೆ. ಡೈನಮೊ ಒಂದಕ್ಕೇ (ಆಲ್ಟರ್ನೇಟರೆಂದು ಅದರ ಸರಿಯಾದ ಹೆಸರಾದರೂ ನಮ್ಮ ಮೆಕ್ಯಾನಿಕ್ಕುಗಳು ಹಳೆಯ ಹೆಸರನ್ನು ಬಿಟ್ಟಿಲ್ಲ, ನಾನೂ ಬಿಡುವುದಿಲ್ಲ) 14 ವೋಲ್ಟಿನಲ್ಲಿ 60 ಆಂಪಿಯರ್ ಕೊಡಲು ಸುಮಾರು ಒಂದೂವರೆ ಕಿಲೋವ್ಯಾಟ್ ಶಕ್ತಿ ಬೇಕು. ನೂರಕ್ಕೆ ಹತ್ತರಷ್ಟು ಜಾರಿದರೂ 150 ವ್ಯಾಟಿನಷ್ಟು ಶಾಖ ಆ ರಬ್ಬರಿನಲ್ಲಿಯೂ ಪುಲ್ಲಿಯಲ್ಲಿಯೂ ಹುಟ್ಟುತ್ತಲೇ ಇರುತ್ತದೆ. ನನ್ನ ಬೆಲ್ಟು ಸತ್ತದ್ದು ಹೀಗೆ. ಪುಲ್ಲಿಯ ತೋಡಿನ ತಳ ಕನ್ನಡಿಯಂತೆ ಮಿನುಗುತ್ತಿದ್ದುದನ್ನು ಆಮೇಲೆ ನೋಡಿದೆ. ಮೊದಲೇ ನೋಡಬಹುದಾಗಿತ್ತು, ಆದರೆ ನಾನು ಹುಡುಕುತ್ತಿದ್ದದ್ದು ಬಿರುಕನ್ನು.

ಸವೆತದ ಜೊತೆಗೆ ದಣಿವೂ ಇದೆ. 15 ಸೆಂಟಿಮೀಟರ್ ವ್ಯಾಸದ ಪುಲ್ಲಿಯನ್ನು ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗಿಸುತ್ತಿದ್ದರೆ ಬೆಲ್ಟು ಗಂಟೆಗೆ 56 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಬೆಲ್ಟಿನ ಉದ್ದ ಒಂದು ಮೀಟರಾದರೆ, ಒಂದು ಗಂಟೆಗೆ 56,000ಕ್ಕೂ ಹೆಚ್ಚು ಸುತ್ತು. ಪ್ರತಿ ಸುತ್ತಿಗೂ ಮೂರು ಪುಲ್ಲಿಗಳ ಮೇಲೆ ಮೂರು ಬಾರಿ ಬಾಗಬೇಕು, ಮೂರು ಬಾರಿ ನೇರವಾಗಬೇಕು. ಗಂಟೆಗೆ ಸರಾಸರಿ 40 ಕಿಲೋಮೀಟರಿನಂತೆ 80,000 ಕಿಲೋಮೀಟರು ಓಡಿದ ಗಾಡಿಯಲ್ಲಿ ಆ ಬೆಲ್ಟು ಮೂವತ್ತು ಕೋಟಿಗೂ ಹೆಚ್ಚು ಸಲ ಬಾಗಿರುತ್ತದೆ. ಒಂದು ತಂತಿಯನ್ನು ಹಿಡಿದು ಅತ್ತಿತ್ತ ಬಗ್ಗಿಸಿ ನೋಡಿ. ನೂರು ಸಲಕ್ಕೂ ಬಾಳುವುದಿಲ್ಲ. ಮೂವತ್ತು ಕೋಟಿಯ ಅನಂತರವೂ ದುಡಿಯುತ್ತಿರುವ ಬೆಲ್ಟಿನಿಂದ ಇನ್ನೂ ಆರು ತಿಂಗಳ ದುಡಿಮೆಯನ್ನು ಬಯಸುವುದು ನನಗೇನೋ ಅತ್ಯಾಸೆಯಾಗಿ ಕಾಣುತ್ತದೆ.

ಇನ್ನು ಬಿರುಕಿನ ವಿಚಾರ. ಆ ಹಳೆಯ ಸೂತ್ರ ಒಂದು ಕಾಲಕ್ಕೆ ಸತ್ಯವೇ ಆಗಿತ್ತು. ಬಹುಕಾಲ ಬೆಲ್ಟುಗಳನ್ನು ನಿಯೋಪ್ರೀನ್ ಎಂಬ ಕೃತಕ ರಬ್ಬರಿನಿಂದ ಮಾಡುತ್ತಿದ್ದರು. ಇದನ್ನು ಅಮೆರಿಕದ ಡ್ಯುಪಾಂಟ್ ಸಂಸ್ಥೆಯವರು 1931ರಲ್ಲಿ ಮಾರುಕಟ್ಟೆಗೆ ತಂದದ್ದು. ಇದರ ಅಣುಸರಪಳಿಯ ಬೆನ್ನೆಲುಬಿನಲ್ಲಿಯೇ ಜೋಡಿಬಂಧಗಳಿವೆ. ಶಾಖವೂ ಗಾಳಿಯಲ್ಲಿನ ಓಜೋನೂ ವರ್ಷಗಟ್ಟಲೆ ಈ ಬಂಧಗಳನ್ನು ಕಡಿಯುತ್ತ ಬರುವುದರಿಂದ ರಬ್ಬರು ಗಡುಸಾಗಿ ಬಿರುಕು ಬಿಡುತ್ತಿತ್ತು. ಬಿರುಕು ಕಂಡಿತೆಂದರೆ ಆಯುಷ್ಯ ತೀರಿತೆಂದು ಕಣ್ಣಿನಿಂದಲೇ ಹೇಳಬಹುದಾಗಿತ್ತು. ಕಳೆದ ಶತಮಾನದ ಕೊನೆಯ ವರ್ಷಗಳಿಂದೀಚೆಗೆ ಇದರ ಸ್ಥಾನವನ್ನು ಇಪಿಡಿಎಂ ಎಂಬ ಬೇರೊಂದು ರಬ್ಬರು ಆಕ್ರಮಿಸುತ್ತ ಬಂದಿದೆ. ಇದರ ಬೆನ್ನೆಲುಬಿನಲ್ಲಿ ಜೋಡಿಬಂಧಗಳಿಲ್ಲ. ಓಜೋನಿಗೆ ಕಡಿಯಲು ಅಲ್ಲಿ ಏನೂ ಸಿಕ್ಕುವುದಿಲ್ಲ. ಆದುದರಿಂದ ಇಂಥ ಬೆಲ್ಟು ಬಿರುಕು ಬಿಡುವುದು ಅಪರೂಪ. ಅದು ಟೈರಿನಂತೆ ಸದ್ದಿಲ್ಲದೆ ಸವೆಯುತ್ತದೆ. ರಬ್ಬರು ಉತ್ತಮವಾಯಿತು, ನಿಜ; ಆದರೆ ತನ್ನ ಮುಪ್ಪನ್ನು ಮುಖದಲ್ಲಿ ತೋರಿಸುತ್ತಿದ್ದ ವಸ್ತು ಈಗ ಅದನ್ನು ಮರೆಮಾಡುವುದನ್ನು ಕಲಿಯಿತು. ನಮ್ಮ ನೋಡುವ ಕ್ರಮ ಮಾತ್ರ ಬದಲಾಗಲಿಲ್ಲ. ಹಲವು ಗೆರೆಗಳುಳ್ಳ ಒಂದೇ ಉದ್ದನೆಯ ಬೆಲ್ಟು ಎಲ್ಲ ಪುಲ್ಲಿಗಳನ್ನೂ ಹಾವಿನಂತೆ ಬಳಸಿ ಓಡುವ ಏರ್ಪಾಡು 1979ರ ಫೋರ್ಡ್ ಮಸ್ಟಾಂಗ್ ಕಾರಿನಿಂದ ಮೊದಲುಗೊಂಡು ಎಲ್ಲೆಡೆಗೂ ಹಬ್ಬಿದೆ. ಅದರ ಗೆರೆಗಳ ಸವೆತವನ್ನು ಅಳೆಯಲು ತಯಾರಕರು ಚಿಕ್ಕ ಪ್ಲಾಸ್ಟಿಕ್ ಮಾಪಕವನ್ನೇ ಕೊಡುತ್ತಾರೆ. ಕಣ್ಣನ್ನು ನಂಬಬೇಡಿ ಎಂದು ಅವರೇ ಹೇಳಿದಂತಾಯಿತಲ್ಲವೆ?

ಈಗ ಬ್ರೇಕಿನ ಪ್ರಶ್ನೆಗೆ ಬರೋಣ. ಪೆಡಲಿನ ಮುಂದೆ, ಬಾನೆಟ್ಟಿನೊಳಗೆ, ತಟ್ಟೆಯನ್ನು ಮುಚ್ಚಿಟ್ಟಂತಹ ಒಂದು ದುಂಡನೆಯ ಡಬ್ಬಿ ಇರುತ್ತದೆ. ಅದರೊಳಗಿನ ಪರದೆಯ ಒಂದು ಬದಿಯಲ್ಲಿ ನಿರ್ವಾತವನ್ನು ಉಂಟುಮಾಡಿ, ಇನ್ನೊಂದು ಬದಿಗೆ ಹೊರಗಿನ ಗಾಳಿಯನ್ನು ಬಿಟ್ಟರೆ ವಾತಾವರಣದ ಒತ್ತಡವೇ ನಮ್ಮ ಕಾಲಿಗೆ ನೆರವಾಗುತ್ತದೆ. ಪರದೆಯ ವ್ಯಾಸ 20 ಸೆಂಟಿಮೀಟರಾದರೆ ವಿಸ್ತೀರ್ಣ 314 ಚದರ ಸೆಂಟಿಮೀಟರು. ಪ್ರತಿ ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋಗ್ರಾಮಿಗೆ ಮೀರಿದ ಒತ್ತಡ ದೊರೆತರೂ ಸುಮಾರು ಎರಡೂವರೆ ಕ್ವಿಂಟಲಿನಷ್ಟು ಬಲ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ದಾರಿಯನ್ನು ಕವಾಟ ಕಿರಿದಾಗಿಸುವುದರಿಂದ ನಿರ್ವಾತವು ಬೇಡದೆಯೇ ದೊರೆಯುತ್ತದೆ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಅಂಥ ಕವಾಟವಿಲ್ಲ. ಆದುದರಿಂದ ನಿರ್ವಾತಕ್ಕೆಂದೇ ಒಂದು ಪಂಪು ಬೇಕು. ಅನೇಕ ಹಳೆಯ ಡೀಸೆಲ್ ವಾಹನಗಳಲ್ಲಿ ಈ ಪಂಪನ್ನು ಡೈನಮೊದ ಹಿಂಭಾಗಕ್ಕೇ ಜೋಡಿಸಿರುತ್ತಾರೆ. ಬೆಲ್ಟು ಹರಿದರೆ ಡೈನಮೊ ನಿಂತಿತು. ಡೈನಮೊ ನಿಂತರೆ ಪಂಪು ನಿಂತಿತು. ಡಬ್ಬಿಯಲ್ಲಿ ಉಳಿದಿರುವ ನಿರ್ವಾತವು ಎರಡು ಮೂರು ಬಾರಿ ತುಳಿಯುವುದಕ್ಕೆ ಸಾಲುತ್ತದೆ. ಅಷ್ಟರಮೇಲೆ ಎರಡೂವರೆ ಕ್ವಿಂಟಲಿನ ಆ ಸಹಾಯಕ ಇಲ್ಲವಾಗುತ್ತಾನೆ. ಬ್ರೇಕು ಪೂರ್ತಿಯಾಗಿ ಹೋಗುವುದಿಲ್ಲ, ನಮ್ಮ ಕಾಲಿನ ಬಲವೊಂದೇ ಉಳಿಯುತ್ತದೆ.

ಇಲ್ಲಿ ಇನ್ನೊಂದು ಸೋಜಿಗವಿದೆ. ಬೆಲ್ಟು ಹರಿದ ಪೆಟ್ರೋಲ್ ಗಾಡಿಯಲ್ಲಿ ಸ್ವಲ್ಪ ಹೊತ್ತಿಗೆ ಬ್ಯಾಟರಿ ಬರಿದಾಗಿ, ಕಿಡಿ ನಿಂತು, ಎಂಜಿನ್ನು ತಾನಾಗಿಯೇ ನಿಲ್ಲುತ್ತದೆ. ಯಂತ್ರಭಾಗಗಳಿಂದಲೇ ಇಂಧನವನ್ನು ಚಿಮ್ಮಿಸುವ ಹಳೆಯ ಡೀಸೆಲ್ಲಿಗೆ ಕಿಡಿ ಬೇಕಿಲ್ಲ. ಬಹುಮಟ್ಟಿಗೆ ವಿದ್ಯುತ್ತೇ ಬೇಕಿಲ್ಲ. ಅದು ನಿಷ್ಠಾವಂತ ಎತ್ತಿನಂತೆ ಓಡುತ್ತಲೇ ಇರುತ್ತದೆ. ನೀರಿನ ಪಂಪೂ ಅದೇ ಬೆಲ್ಟಿನಿಂದ ನಡೆಯುವುದಾದ್ದರಿಂದ ನೀರು ಹರಿಯದೆ ಎಂಜಿನ್ನಿನ ತಲೆ ಕಾಯುತ್ತ ಹೋಗುತ್ತದೆ, ಗ್ಯಾಸ್ಕೆಟ್ಟು ಸುಡುತ್ತದೆ, ತಲೆಯೇ ಸೊಟ್ಟಗಾಗುವುದೂ ಉಂಟು. ಎಂಜಿನ್ನು ಓಡುತ್ತಿದೆಯಲ್ಲಾ ಎಂಬ ಧೈರ್ಯವೇ ಇಲ್ಲಿ ಮೋಸ. ಕೆಂಪು ದೀಪ ಹೊತ್ತಿದೊಡನೆ, ಮೊದಲ ತುಳಿತಕ್ಕೇ, ನಿಲ್ಲಿಸಬೇಕಾದುದು ಅದಕ್ಕಾಗಿ.

“ಓಡುವ ವಸ್ತುವನ್ನು ಬಿಸಾಡುವುದು ದುಂದುವೆಚ್ಚವಲ್ಲವೆ?” ಎಂದು ಕೇಳುವವರಿದ್ದಾರೆ. ದುಡಿದು ತಿನ್ನುವವರ ಪ್ರಶ್ನೆಯಿದು, ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಬೆಲ್ಟಿನ ಬೆಲೆ ಕೆಲವು ನೂರು ರೂಪಾಯಿ. ತಲೆ ಇಳಿಸಿ ಮಟ್ಟಸ ಮಾಡಿಸುವ ಖರ್ಚು ಹಲವು ಸಾವಿರ. ನಡುದಾರಿಯಲ್ಲಿ ಕೊಳೆತ ಮಾಲಿನ ನಷ್ಟ ಬೇರೆ. ಮಿಗಿಲಾಗಿ, ಬಿಚ್ಚಿದ ಬೆಲ್ಟನ್ನು ಬಿಸಾಡಬೇಕೆಂದು ಯಾರು ಹೇಳಿದರು? ಈ ವಿಚಾರಕ್ಕೆ ಆಮೇಲೆ ಬರುತ್ತೇನೆ. ನನ್ನ ಅಭಿಪ್ರಾಯದಲ್ಲಿ, ಬೆಣೆಯಾಕಾರದ ಬೆಲ್ಟನ್ನು ನಾಲ್ಕು ವರ್ಷಕ್ಕೆ ಅಥವಾ 60,000 ಕಿಲೋಮೀಟರಿಗೆ, ಇವುಗಳಲ್ಲಿ ಯಾವುದು ಮೊದಲೋ ಆಗ, ಅದರ ಮುಖವನ್ನು ನೋಡದೆ ಬದಲಿಸಿಬಿಡಬೇಕು. ಗಾಡಿಯ ಕೈಪಿಡಿಯಲ್ಲಿ ಇದಕ್ಕಿಂತ ಕಡಮೆ ಅವಧಿಯನ್ನು ಹೇಳಿದ್ದರೆ ಅದೇ ಪ್ರಮಾಣ. ಹಾಕಿದ ದಿನಾಂಕವನ್ನೂ ಮೀಟರಿನ ಅಂಕಿಯನ್ನೂ ಬಾನೆಟ್ಟಿನ ಒಳಮೈಯ ಮೇಲೆ ಬಣ್ಣದಲ್ಲಿ ಬರೆದಿಡಬೇಕು. ಹಿಂಬದಿಯ ಹಲಗೆಯ ಮೇಲೆ ಮಕ್ಕಳ ಹೆಸರನ್ನೆಲ್ಲ ಬರೆಯಿಸುವ ನಮಗೆ ಇದೇನು ಹೊರೆಯಾಗಲಾರದು.

ಬದಲಿಸುವ ಕೆಲಸ ಕಷ್ಟವಾದುದಲ್ಲ, ಕೈಗೆ ಮಸಿ ಹತ್ತುತ್ತದೆ ಅಷ್ಟೆ. ಎಂಜಿನ್ನು ತಣ್ಣಗಿರಬೇಕು, ಬ್ಯಾಟರಿಯ ಒಂದು ತಂತಿಯನ್ನು ಬಿಚ್ಚಿರಬೇಕು. ಸ್ಟಿಯರಿಂಗಿಗೆ ನೆರವಾಗುವ ಪಂಪಿಗೋ ತಂಪು ಗಾಳಿಯ ಯಂತ್ರಕ್ಕೋ ಬೇರೆ ಬೆಲ್ಟುಗಳಿದ್ದರೆ ಅವು ಸಾಮಾನ್ಯವಾಗಿ ಮುಂದಿರುತ್ತವೆ. ಹಿಂದಿನದನ್ನು ತೆಗೆಯಬೇಕಾದರೆ ಮುಂದಿನವನ್ನು ತೆಗೆಯಲೇಬೇಕು. ಹೇಗೂ ತೆಗೆದ ಮೇಲೆ ಎಲ್ಲವನ್ನೂ ಒಟ್ಟಿಗೇ ಹೊಸದು ಹಾಕುವುದು ಲೇಸು. ಒಂದೇ ಕೆಲಸಕ್ಕೆ ಎರಡು ಜೋಡಿ ಬೆಲ್ಟುಗಳಿದ್ದಲ್ಲಂತೂ ಒಂದನ್ನು ಮಾತ್ರ ಬದಲಿಸಿದರೆ, ಉದ್ದ ಕಡಮೆಯಿರುವ ಹೊಸದೇ ಹೊರೆಯನ್ನೆಲ್ಲ ಹೊರಬೇಕಾಗುತ್ತದೆ. ಡೈನಮೊದ ಕೆಳಗಿನ ತಿರುಗುಬೋಲ್ಟನ್ನೂ ಮೇಲಿನ ಬಿಗಿಬೋಲ್ಟನ್ನೂ ಸಡಿಲಿಸಿ ಅದನ್ನು ಎಂಜಿನ್ನಿನ ಕಡೆಗೆ ತಳ್ಳಿದರೆ ಹಳೆಯ ಬೆಲ್ಟು ಸಡಿಲವಾಗುತ್ತದೆ. ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ದಾಟಿಸಿ ಹೊರತೆಗೆಯಬಹುದು.

ಹೊಸದನ್ನು ಹಾಕುವ ಮುನ್ನ ಎರಡು ನಿಮಿಷ ವ್ಯಯಿಸತಕ್ಕದ್ದು ಪುಲ್ಲಿಗಳ ಮೇಲೆ. ಕೈಯಿಂದ ತಿರುಗಿಸಿದಾಗ ಗರಗರ ಶಬ್ದ ಬಂದರೆ, ಅಲುಗಿದರೆ, ಬೇರಿಂಗು ಸವೆದಿದೆ. ತೋಡಿನ ಗೋಡೆಗಳು ಒಳಕ್ಕೆ ಬಾಗಿ ಸವೆದಿದ್ದರೆ ಹೊಸ ಬೆಲ್ಟು ಕೂಡ ಬೇಗ ತಳ ಮುಟ್ಟುತ್ತದೆ. ಎಣ್ಣೆ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಎಣ್ಣೆ ಕುಡಿದ ರಬ್ಬರು ಊದಿ ಮೆತ್ತಗಾಗುತ್ತದೆ. ಹೊಸ ಬೆಲ್ಟನ್ನು ಕೊಳ್ಳುವಾಗ ಹಳೆಯದರ ಪಕ್ಕದಲ್ಲಿ ಹಿಡಿದು ‘ಇಷ್ಟೇ ಇದೆ’ ಎಂದು ತೀರ್ಮಾನಿಸಬಾರದು, ಅದರ ಬೆನ್ನ ಮೇಲಿನ ಅಕ್ಷರಗಳನ್ನು ಓದಬೇಕು. ‘ಎವಿಎಕ್ಸ್ 13’ ಎಂದಿದ್ದು ಅದರ ಮುಂದೆ 1000 ಎಂದಿದ್ದರೆ ಅಗಲ 13 ಮಿಲಿಮೀಟರು, ಉದ್ದ 1,000 ಮಿಲಿಮೀಟರು ಎಂದರ್ಥ. 13ರ ಸ್ಥಳಕ್ಕೆ 10ರ ಬೆಲ್ಟೂ ಕೂರುತ್ತದೆ. ಆದರೆ ತಳಕ್ಕೆ ಇಳಿದು ಕೂರುತ್ತದೆ.

ಬೆಲ್ಟು ಸುಲಭವಾಗಿ ಏರದಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಿ ಏರಿಸುವುದು ನಮ್ಮ ಎಷ್ಟೋ ಕೈಗಳ ಅಭ್ಯಾಸ. ಇದಕ್ಕಿಂತ ಕೆಟ್ಟದ್ದಿಲ್ಲ. ಎಳೆತವನ್ನು ತಾಳುವುದು ರಬ್ಬರಲ್ಲ, ಅದರೊಳಗೆ ಹುದುಗಿರುವ ದಾರಗಳು. ಮೀಟಿದಾಗ ಅಂಚಿನ ಒಂದೆರಡು ದಾರಗಳು ಒಳಗೇ ತುಂಡಾಗುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ವಾರದಲ್ಲಿ ಬೆಲ್ಟು ಮಗುಚಿಕೊಳ್ಳುತ್ತದೆ ಅಥವಾ ಹರಿಯುತ್ತದೆ. ಆಗ ಬೈಗುಳ ಬೀಳುವುದು ಅಂಗಡಿಯವನಿಗೆ. ಡೈನಮೊವನ್ನು ಪೂರ್ತಿಯಾಗಿ ಒಳಕ್ಕೆ ತಳ್ಳಿ, ಕೈಯಿಂದಲೇ ಏರಿಸಬೇಕು. ಬಿಗಿ ಮಾಡಲು ಸಲಾಕೆಯಿಂದ ಒತ್ತುವಾಗ ಡೈನಮೊದ ಮುಂಭಾಗದ ದಪ್ಪ ಲೋಹಕ್ಕೆ ಒತ್ತಬೇಕು, ಹಿಂದಿನ ನಿರ್ವಾತ ಪಂಪಿಗಲ್ಲ.

ಎಷ್ಟು ಬಿಗಿ? ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಸುಮಾರು 10 ಕಿಲೋಗ್ರಾಮಿನಷ್ಟು ಬಲದಿಂದ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ತಗ್ಗಬೇಕು. ಕಿರುಚುವ ಬೆಲ್ಟನ್ನು ವೀಣೆಯ ತಂತಿಯಂತೆ ಬಿಗಿದು ಬಾಯಿ ಮುಚ್ಚಿಸುವುದೂ, ಅಂಟಿನ ದ್ರಾವಣ ಸಿಂಪಡಿಸುವುದೂ, ಸಾಬೂನು ಉಜ್ಜುವುದೂ ರೋಗಿಯ ನರಳಾಟ ಕೇಳದಿರಲೆಂದು ನಾವು ಕಿವಿಗೆ ಹತ್ತಿ ಇಟ್ಟುಕೊಂಡಂತೆ. ಅತಿಯಾದ ಬಿಗಿಯು ನೀರಿನ ಪಂಪಿನ ಬೇರಿಂಗನ್ನು ತಿಂದುಹಾಕುತ್ತದೆ. ಬಿಗಿಬೋಲ್ಟು ತನ್ನ ಸೀಳಿನ ತುದಿಗೆ ಬಂದು ಇನ್ನು ಸರಿಸಲು ಎಡೆಯಿಲ್ಲವೆಂದಾದರೆ, ಬೆಲ್ಟೇ ತನ್ನ ಮುಪ್ಪನ್ನು ಒಪ್ಪಿಕೊಂಡಿತೆಂದು ತಿಳಿಯಬಹುದು.

ಹೊಸ ಬೆಲ್ಟನ್ನು ಹಾಕಿದ ಮೇಲೆ ಹತ್ತು ನಿಮಿಷ ಎಂಜಿನ್ನನ್ನು ಓಡಿಸಿ, ನಿಲ್ಲಿಸಿ, ಮತ್ತೆ ಒತ್ತಿ ನೋಡಬೇಕು. ತೋಡಿನಲ್ಲಿ ಹದವಾಗಿ ಕೂರುವಾಗ ಅದು ಸ್ವಲ್ಪ ಸಡಿಲವಾಗುವುದು ಸಹಜ. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಬಿಚ್ಚಿದ ಹಳೆಯ ಬೆಲ್ಟಿನ ತಳ ಸವೆದು ಹೊಳೆಯದೆ, ದಾರ ಬಿಚ್ಚಿಕೊಳ್ಳದೆ ಇದ್ದರೆ ಅದನ್ನು ಒರೆಸಿ, ಮಡಿಚದೆ ಸಡಿಲವಾಗಿ ಸುತ್ತಿ, 13 ಮತ್ತು 14ನೆಯ ನಂಬರಿನ ಸ್ಪ್ಯಾನರುಗಳೊಡನೆ, ನಿಮ್ಮ ಗಾಡಿಯ ಬೋಲ್ಟಿಗೆ ಬೇರೆ ನಂಬರು ಬೇಕಾದರೆ ಅದರೊಡನೆ, ಸೀಟಿನ ಕೆಳಗೆ ಇಡಿ. ನನ್ನದು ಈಗ ಅಲ್ಲಿಯೇ ಇದೆ. ಅದರ ಪಕ್ಕದಲ್ಲಿ, ಆ ಹುಡುಗನ ಹಟದಿಂದ, ಚಕ್ರಕ್ಕೆ ಕೊಡುವ ಒಂದು ಮರದ ಬೆಣೆಯೂ ಇದೆ.